ಪಕ್ಷಿವೀಕ್ಷಕರ ಗೂಢಭಾಷೆ

ಪಕ್ಷಿವೀಕ್ಷಣವೆಂಬ ವಿನೋದವು ನಮ್ಮ ನಾಡಿನಲ್ಲಿ ವೃದ್ಧಿಹೊಂದುತ್ತಿರುವುದು ಸಂತೋಷದ ವಿಷಯವೇ ಸರಿ. 1940ರಲ್ಲಿ ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟು ಪಕ್ಷಿಧಾಮವಾದುದು ಸಲೀಂ ಅಲಿಯವರ ಪ್ರೇರಣೆಯಿಂದ. ಮರುವರ್ಷವೇ ಭಾರತೀಯ ಪಕ್ಷಿಗಳನ್ನು ಕುರಿತ ಅವರ ಗ್ರಂಥವು ಹೊರಬಂದಿತು. ಅಂದಿನಿಂದ ಇಂದಿನವರೆಗೆ ಈ ಆಸಕ್ತರು ಮಾಡಿರುವ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಉಪಕಾರಿಯ ದೋಷವು ದೋಷವಲ್ಲವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇವರ ಗೋಷ್ಠಿಯ ನಡುವೆ ಹೊಸಬನೊಬ್ಬನು ಹೋಗಿ ನಿಂತನೆನ್ನಿ. ಒಬ್ಬರು "ನನಗಿಂದು ಲೈಫರ್" ಎಂದು ಹಿಗ್ಗುವರು, ಇನ್ನೊಬ್ಬರು "ನಾನು ಡಿಪ್ ಆದೆ" ಎಂದು ನಿಟ್ಟುಸಿರಿಡುವರು, ಮತ್ತೊಬ್ಬರು ಪೊದೆಯ ಕಡೆಗೆ ಕೈತೋರಿ "ಬರಿಯ ಎಲ್.ಬಿ.ಜೆ." ಎಂದು ನಗುವರು. ಜೀವಮಾನದಲ್ಲಿ ಮೊದಲ ಬಾರಿಗೆ ಕಂಡ ಹಕ್ಕಿ ಲೈಫರ್; ಅರಸಿ ಹೋದ ಹಕ್ಕಿಯನ್ನು ಕಾಣದೆ ಮರಳುವುದು ಡಿಪ್; ಗುರುತು ಹತ್ತದ ಸಣ್ಣ ಕಂದುಬಣ್ಣದ ಹಕ್ಕಿಗಳೆಲ್ಲವೂ ಎಲ್.ಬಿ.ಜೆ. ಇಷ್ಟನ್ನು ತಿಳಿಸಲು ಅರ್ಧ ನಿಮಿಷ ಸಾಕು. ತಿಳಿಸುವವರಾರು? ಕೇಳಿದರೆ ಅಜ್ಞನೆನಿಸಿಕೊಳ್ಳುವೆನೆಂದು ಹೊಸಬನು ಸುಮ್ಮನಾಗುತ್ತಾನೆ; ಮುಂದಿನ ವಾರ ಅವನು ಬರುವುದೇ ಇಲ್ಲ.

"ಪ್ರತಿಯೊಂದು ವಿದ್ಯೆಗೂ ತನ್ನದೇ ಆದ ಪರಿಭಾಷೆಯುಂಟು, ನಿಮ್ಮ ವ್ಯಾಕರಣಕ್ಕಿಲ್ಲವೇ?" ಎಂಬುದು ಪೂರ್ವಪಕ್ಷ. ಉಂಟು. ಪಾಣಿನಿಯ ಟಿ, ಘು, ಭ ಎಂಬ ಸಂಜ್ಞೆಗಳು ಲೈಫರಿಗಿಂತಲೂ ವಿಚಿತ್ರವಾದುವು. ಅಲ್ಲಿ 'ನದೀ' ಎಂದರೆ ಹರಿಯುವ ಹೊಳೆಯಲ್ಲ, ಕೆಲವು ಸ್ತ್ರೀಲಿಂಗ ಶಬ್ದಗಳ ಸಂಜ್ಞೆ. ಆದರೆ ಆ ಮುನಿಯು ಇವಕ್ಕೆಲ್ಲ ಲಕ್ಷಣವನ್ನು ತಾನೇ ಹೇಳಿದ್ದಾನೆ. ಅಷ್ಟಾಧ್ಯಾಯಿಯ ಮೊದಲನೆಯ ಸೂತ್ರವಿರುವುದೇ 'ವೃದ್ಧಿ' ಎಂಬ ಸಂಜ್ಞೆಯು ಯಾವುದಕ್ಕೆಂದು ತಿಳಿಸುವುದಕ್ಕಾಗಿ. ಶಾಸ್ತ್ರದಲ್ಲಿ ಪರಿಭಾಷೆಯು ಲಾಘವಕ್ಕಾಗಿ. ಇಲ್ಲಿ ಅದು ಬಳಸುವವರ ಗೌರವಕ್ಕಾಗಿ.

ಹೊಸಬನು ದೂರವಾಗುವುದಷ್ಟೇ ಆಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಹಾನಿಯೊಂದುಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿರಿ. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಮರಗಳಲ್ಲಿಯೇ ಗೂಡುಕಟ್ಟಿ ಮರಿಮಾಡುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಲೋಕದ ಗಮನಕ್ಕೆ ತಂದರು. ಅದಕ್ಕೆ ಎಷ್ಟೋ ಮೊದಲಿನಿಂದಲೂ ಊರವರು ಆ ಹಕ್ಕಿಗಳನ್ನು ತಮ್ಮವೆಂದೇ ಕಾಪಾಡಿಕೊಂಡು ಬಂದಿದ್ದರು. ಅವರಿಗೆ ದುರ್ಬೀನಿರಲಿಲ್ಲ, ಪಟ್ಟಿಯಿರಲಿಲ್ಲ; ಹಕ್ಕಿಗಳಿದ್ದವು, ಹಕ್ಕಿಗಳಿಗೆ ಹೆಸರುಗಳಿದ್ದವು.

ಆ ಹೆಸರುಗಳಾದರೂ ಎಂತಹವು! ಕಾಜಾಣ, ಗೀಜಗ, ಪಿಕಳಾರ, ಮಿಂಚುಳ್ಳಿ, ಕೆಂಬೂತ. ಮರಕುಟಿಗನಿಗೆ ಅದರ ಕಸುಬೇ ಹೆಸರು. ಹಳ್ಳಿಯ ಬಾಲಕನು "ಅಗೋ ಗೀಜಗ" ಎಂದಾಗ, "ಅದು ಬಾಯಾ ವೀವರ್" ಎಂದು ತಿದ್ದುವ ಮಹನೀಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬಾಲಕನು ಅಂದು ಕಲಿತದ್ದು ಹಕ್ಕಿಯ ಹೆಸರನ್ನಲ್ಲ. ತನ್ನ ತಾಯಿಯ ಮಾತು ವಿದ್ಯೆಯಲ್ಲವೆಂಬುದನ್ನು.

"ನಾಡಹೆಸರುಗಳು ಸೀಮೆಯಿಂದ ಸೀಮೆಗೆ ಬೇರೆ, ಗೊಂದಲವಾಗುತ್ತದೆ" ಎಂದು ಆಕ್ಷೇಪಿಸುವರು. ಹೆಜ್ಜಾರ್ಲೆಯೊಂದಕ್ಕೇ ಇಂಗ್ಲಿಷಿನಲ್ಲಿ ಗ್ರೇ ಪೆಲಿಕನ್, ಸ್ಪಾಟ್-ಬಿಲ್ಡ್ ಪೆಲಿಕನ್ ಎಂದು ಎರಡು ಹೆಸರುಗಳಿಲ್ಲವೇ? ಗೊಂದಲದ ನಿವಾರಣೆಗಾಗಿಯೇ ಲ್ಯಾಟಿನ್ ನಾಮವುಂಟು, ಅದು ಪಕ್ಕದಲ್ಲಿರಲಿ. ಕನ್ನಡದಲ್ಲಿ ಹಕ್ಕಿಗಳ ವಿಷಯವನ್ನು ಸೊಗಸಾಗಿ ಬರೆಯಬಹುದೆಂಬುದನ್ನು ಪೂರ್ಣಚಂದ್ರ ತೇಜಸ್ವಿಯವರು 'ಹಕ್ಕಿಪುಕ್ಕ'ದಲ್ಲಿ ತೋರಿಸಿಕೊಟ್ಟಿದ್ದಾರೆ. ಶಕ್ತಿಯಿಲ್ಲದಿರುವುದು ಭಾಷೆಗಲ್ಲ, ಮನಸ್ಸಿಲ್ಲದಿರುವುದು ನಮಗೆ.

ಆದುದರಿಂದ ಪಕ್ಷಿವೀಕ್ಷಕ ಮಂಡಲಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಹೊಸಬರು ಬಂದ ದಿನವೇ ತಮ್ಮ ಸಂಜ್ಞೆಗಳನ್ನು ಅವರಿಗೆ ಬಿಡಿಸಿ ಹೇಳಲಿ. ಪಟ್ಟಿಗಳಲ್ಲಿ ಕನ್ನಡದ ಹೆಸರನ್ನು ಮೊದಲು ಬರೆಯಲಿ. ಕೆರೆಯ ಏರಿಯ ಮೇಲೆ ದನಗಾಹಿಯು ಸಿಕ್ಕಿದರೆ, ಅವನಿಗೆ ಹೆಸರು ಹೇಳಿಕೊಡುವ ಮುನ್ನ ಅವನು ಆ ಹಕ್ಕಿಯನ್ನು ಏನೆನ್ನುತ್ತಾನೆಂದು ಕೇಳಿ ಗುರುತುಹಾಕಿಕೊಳ್ಳಲಿ. ಹಕ್ಕಿಯ ಸಣ್ಣ ಉಲಿಗೆ ತಾಸುಗಟ್ಟಲೆ ಕಿವಿಗೊಡಬಲ್ಲವರಿಗೆ ಮನುಷ್ಯನ ಮಾತಿಗೆ ಕಿವಿಗೊಡುವುದು ಕಷ್ಟವಾಗಲಾರದು.