ನೋಡಿ ನಗೋದು, ಕೂಡಿ ನಗೋದು



ಹೋದ ವಾರ ನಮ್ಮ ಕ್ಲಾಸಿನಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಇಂಗ್ಲಿಷ್ ಪಾಠ ಓದಲು ಎದ್ದು ನಿಂತ ಹಿಂದಿನ ಬೆಂಚಿನ ಹುಡುಗ ಒಂದು ಪದದ ಹತ್ತಿರ ತಡವರಿಸಿದ. ಎಲ್-ಎ-ಯು-ಜಿ-ಎಚ್. ಸ್ವಲ್ಪ ಯೋಚನೆ ಮಾಡಿ 'ಲೌಘ್' ಎಂದು ಓದಿದ. ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು "ಲಾಫ್ ಅಂತ ಓದಪ್ಪಾ, ಲಾಫ್ ಅಂದ್ರೆ ನಗು" ಎಂದು ತಿದ್ದಿದರು. ಅದಕ್ಕೂ ನಕ್ಕೆವು. ಸುಳ್ಳು ಯಾಕೆ ಹೇಳಲಿ, ನಾನಂತೂ ಎಲ್ಲರಿಗಿಂತ ಜಾಸ್ತಿಯೇ ನಕ್ಕೆ. ಅವತ್ತಿನಿಂದ ಅವನು ಎದ್ದು ಓದಿಲ್ಲ. ಸರದಿ ಬಂದರೆ "ಗಂಟಲು ಕಟ್ಟಿದೆ ಸಾರ್" ಅಂತಾನೆ.

ನನಗೆ ಸಮಾಧಾನ ಆಗಲಿಲ್ಲ. ಲೈಬ್ರರಿ ಬೀರುವಿನಲ್ಲಿರುವ ದಪ್ಪ ಡಿಕ್ಷನರಿ ತೆಗೆಸಿಕೊಂಡು ಎರಡು ದಿನ ಊಟದ ಬಿಡುವಿನಲ್ಲಿ ಕೂತು ನೋಡಿದೆ. ಗೊತ್ತಾಗದ್ದನ್ನು ಮೇಷ್ಟ್ರ ಹತ್ತಿರ ಕೇಳಿದೆ.

ಮೊದಲು ಆ ಜಿ-ಎಚ್ ವಿಷಯ. ನೂರಾರು ವರ್ಷಗಳ ಹಿಂದೆ ಇಂಗ್ಲೆಂಡಿನ ಜನ ಅದನ್ನು ಗಂಟಲಿನಿಂದ 'ಖ್' ಎನ್ನುವ ಹಾಗೆ ಉಚ್ಚರಿಸುತ್ತಿದ್ದರಂತೆ. ಕಾಲ ಕಳೆದಂತೆ ನೈಟ್, ಡಾಟರ್ ಎಂಬ ಪದಗಳಲ್ಲಿ ಆ ಸದ್ದು ಪೂರ್ತಿ ಬಿದ್ದುಹೋಯಿತು. ಲಾಫ್, ಕಾಫ್, ರಫ್ ಎಂಬಲ್ಲಿ 'ಫ್' ಆಯಿತು. ಬರೆಯುವ ಅಕ್ಷರ ಮಾತ್ರ ಹಳೆಯದೇ ಉಳಿಯಿತು. ಅಂದ ಮೇಲೆ ಆ ಕಾಲದ ಇಂಗ್ಲಿಷಿನವನೊಬ್ಬ ನಮ್ಮ ಕ್ಲಾಸಿಗೆ ಬಂದಿದ್ದರೆ ನಮ್ಮ 'ಲಾಫ್' ಕೇಳಿ ಹುಬ್ಬೇರಿಸಿ, ನಮ್ಮ ಗೆಳೆಯನ ಬೆನ್ನು ತಟ್ಟುತ್ತಿದ್ದನೋ ಏನೋ! ಬರೆದ ಹಾಗೆ ಓದುವುದು ಕನ್ನಡ ನಮಗೆ ಕಲಿಸಿದ ಅಭ್ಯಾಸ. ಅವನು ಮಾಡಿದ್ದೂ ಅಷ್ಟೇ. ಇಂಗ್ಲಿಷಿನಲ್ಲಿ ಲಾಫ್ಟರ್ ಎಂಬ ಪದದ ಮೊದಲಿಗೆ ಒಂದು ಎಸ್ ಸೇರಿಸಿದರೆ ಸ್ಲಾಟರ್ ಆಗುತ್ತದೆ, ಅಂದರೆ ಕಡಿಯುವುದು. 'ಫ್' ಎಲ್ಲಿಗೆ ಹೋಯಿತೋ! (ಸ್ಮೈಲ್ಸ್ ಪದದ ಎರಡು ಎಸ್ ನಡುವೆ ಒಂದು ಮೈಲಿ ಇದೆ ಎಂಬ ಜೋಕು ಈ ಗೋಡೆ ಪತ್ರಿಕೆಯಲ್ಲಿ ಬೇಕಾದಷ್ಟು ಸಲ ಬಂದಿರುವುದರಿಂದ ಅದನ್ನು ಬಿಟ್ಟಿದ್ದೇನೆ.)

ನಗುವಿಗೆ ಅವರಲ್ಲೂ ಎಷ್ಟೊಂದು ಹೆಸರು! ತನ್ನಷ್ಟಕ್ಕೆ ಮೆಲ್ಲಗೆ ನಕ್ಕರೆ ಚಕಲ್. ಗಹಗಹಿಸಿ ನಕ್ಕರೆ ಗಫಾ. ಕಿಸಿಕಿಸಿ ನಕ್ಕರೆ ಗಿಗಲ್. ಇದು ಹುಡುಗಿಯರ ನಗು ಅಂತ ಹುಡುಗರು ಹೇಳ್ತಾರೆ. ಪ್ರಾರ್ಥನೆ ಹೊತ್ತಿನಲ್ಲಿ ಯಾವ ಸಾಲಿನಿಂದ ಅದು ಕೇಳಿಸುತ್ತದೆ ಅಂತ ಪಿ.ಟಿ. ಮೇಷ್ಟ್ರನ್ನು ಕೇಳಿ. ಬಾಯಿಗೆ ಕೈ ಅಡ್ಡ ಹಿಡಿದು ಇನ್ನೊಬ್ಬರನ್ನು ಹೀಯಾಳಿಸಿ ನಗುವುದಕ್ಕೆ ಸ್ನಿಗರ್ ಎಂಬ ಬೇರೆಯೇ ಪದ ಇದೆ. ಇಷ್ಟೂ ಸಾಲದು ಅಂತ ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್ 1871ರ ಪುಸ್ತಕದಲ್ಲಿ ಚಾರ್ಟಲ್ ಎಂಬ ಹೊಸ ನಗುವನ್ನೇ ಹುಟ್ಟಿಸಿದ. 2015ರಲ್ಲಂತೂ ಆಕ್ಸ್‌ಫರ್ಡ್ ಡಿಕ್ಷನರಿಯವರು 'ವರ್ಷದ ಪದ' ಎಂದು ಆರಿಸಿದ್ದು ಪದವನ್ನೇ ಅಲ್ಲ, ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖದ ಚಿತ್ರವನ್ನು. ಮೊಬೈಲಿನಲ್ಲಿ ಕಳಿಸ್ತಾರಲ್ಲ, ಅದೇ.

ನುಡಿಗಟ್ಟುಗಳು ಇನ್ನೂ ಮಜಾ. 'ಇನ್ ಸ್ಟಿಚಸ್' ಎಂದರೆ ಹೊಲಿಗೆ ಹಾಕಿದ್ದಾರೆ ಅಂದುಕೊಂಡಿದ್ದೆ. ಸ್ಟಿಚ್ ಅಂದರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ ಬರುವ ನೋವು ಕೂಡ ಹೌದು. ಈ ಮಾತು ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದಲ್ಲೇ ಇದೆ. ನಮ್ಮಲ್ಲಿ ಹೊಟ್ಟೆ ಹುಣ್ಣಾಗುವ ಹಾಗೆ ನಗ್ತೀವಿ, ಅವರಿಗೆ ಪಕ್ಕೆ ನೋಯುತ್ತದೆ, ಅಷ್ಟೇ ವ್ಯತ್ಯಾಸ. ನಾವು ಸೆರಗು ಮರೆಮಾಡಿ ನಕ್ಕರೆ ಅವರು ಅಂಗಿಯ ತೋಳಿನೊಳಗೆ ನಗುತ್ತಾರೆ. 'ಲಾಫಿಂಗ್ ಸ್ಟಾಕ್' ಓದಿದಾಗ ನನಗೆ ರೇಷನ್ ಅಂಗಡಿಯ 'ಸ್ಟಾಕ್ ಇಲ್ಲ' ಬೋರ್ಡು ನೆನಪಾಯಿತು. ಅರ್ಥ ನೋಡಿದರೆ ನಗೆಪಾಟಲಿಗೆ ಗುರಿಯಾದವನು. ಅಲ್ಲಿಗೆ ನನ್ನ ನಗು ನಿಂತಿತು. ಅವತ್ತು ನಾವು ಅವನನ್ನು ಮಾಡಿದ್ದು ಅದನ್ನೇ ಅಲ್ಲವೇ?

ನನ್ನ ಅಭಿಪ್ರಾಯ ಇಷ್ಟು. ಲಾಫ್ ಆದಮೇಲೆ ಬರುವ ಪುಟ್ಟ ಪದವನ್ನು ನಾವು ಸರಿಯಾಗಿ ಕಲಿಯಬೇಕು. ಲಾಫ್ ವಿತ್ ಅಂದರೆ ಒಬ್ಬರ ಜೊತೆ ಕೂಡಿ ನಗೋದು. ಲಾಫ್ ಅಟ್ ಅಂದರೆ ಒಬ್ಬರನ್ನು ನೋಡಿ ನಗೋದು. ವ್ಯಾಕರಣದ ಪೀರಿಯಡ್ಡಿನಲ್ಲಿ ಮೇಷ್ಟ್ರು ಹೇಳಿದ್ದು ನೆನಪಿದೆಯಾ? ಥ್ರೋ ಟು ಅಂದರೆ ಹಿಡಿದುಕೊಳ್ಳಲಿ ಅಂತ ಚೆಂಡು ಎಸೆಯೋದು, ಥ್ರೋ ಅಟ್ ಅಂದರೆ ತಗುಲಲಿ ಅಂತ ಕಲ್ಲು ಬೀರೋದು. ಆ 'ಅಟ್' ಇಲ್ಲೂ ಅದೇ. ಜೋಕು ಕೇಳಿ ನಕ್ಕರೂ ಲಾಫ್ ಅಟ್ ಅಂತಲೇ ಹೇಳುತ್ತಾರೆ, ಅದು ಬೇರೆ. ಜೋಕಿಗೆ ನೋವಾಗುವುದಿಲ್ಲ.

ಇನ್ನೊಂದಿದೆ, ಲಾಫ್ ಆಫ್, ನಕ್ಕು ತಳ್ಳಿಹಾಕುವುದು. ನಾವು ಅವನಿಗೆ "ತಮಾಷೆಗೆ ಕಣೋ, ಮನಸ್ಸಿಗೆ ಹಚ್ಕೋಬೇಡ" ಅಂದೆವು. ಆದರೆ ನಕ್ಕು ತಳ್ಳಿಹಾಕುವ ಹಕ್ಕು ಏಟು ತಿಂದವನದು, ಹೊಡೆದವರದಲ್ಲ.

ನಗದಿದ್ದರೆ ತಪ್ಪು ತಿದ್ದುವುದು ಹೇಗೆ ಎಂದು ಕೆಲವರು ಕೇಳಿದರು. ತಿದ್ದಿದ್ದು ಮೇಷ್ಟ್ರು, ನಾವಲ್ಲ. ನನಗೆ ಆ ಪದ ಗೊತ್ತಿದ್ದದ್ದು ನನ್ನ ಬುದ್ಧಿವಂತಿಕೆಯಿಂದಲೂ ಅಲ್ಲ, ಪೇಟೆಯಲ್ಲಿ ಓದುವ ಅಕ್ಕ ಹೇಳಿಕೊಟ್ಟಿದ್ದಳು. ಅವನ ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಕನ್ನಡ ಪದ್ಯವನ್ನು ಅವನ ಹಾಗೆ ರಾಗವಾಗಿ ಓದುವವರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ಈಗ ಅದನ್ನೂ ಓದುತ್ತಿಲ್ಲ.

ಮೇಷ್ಟ್ರು ಒಪ್ಪಿದರೆ ನನ್ನದೊಂದು ಸಲಹೆ. ಯಾರಾದರೂ ತಪ್ಪು ಓದಿದಾಗ ನಕ್ಕವರು ಮುಂದಿನ ಪ್ಯಾರಾ ಎದ್ದು ನಿಂತು ಓದಬೇಕು. ಹೋದ ವಾರದ ಬಾಕಿ ನನ್ನದಿದೆ, ಮೊದಲು ನಾನೇ ಓದುತ್ತೇನೆ. ಮುಂದಿನ ಪಾಠದಲ್ಲಿ ನೇಗಿಲು ಎಂಬ ಅರ್ಥದ ಪದ ಇದೆ. ಪಿ-ಎಲ್-ಓ-ಯು, ಆಮೇಲೆ ಮತ್ತೆ ಜಿ-ಎಚ್. ಅದನ್ನು ಹೇಗೆ ಓದಬೇಕೆಂದು ನಾನು ಅಕ್ಕನನ್ನು ಕೇಳಿಲ್ಲ.

— ಹತ್ತನೇ ತರಗತಿಯ ವಿದ್ಯಾರ್ಥಿನಿ