ಸೇಡಿನ ಸಾಲವನ್ನು ತೀರಿಸುವವರು ಯಾರು?

ಅರಿಷಡ್ವರ್ಗಗಳಲ್ಲಿ ಕ್ರೋಧದ ಬಗೆಯೇ ಬೇರೆ. ಲೋಭ ಬಂದಾಗ, ಮತ್ಸರ ಬಂದಾಗ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕಾದರೂ ಇರುತ್ತದೆ. ಅನ್ಯಾಯಕ್ಕೆ ಒಳಗಾದವನ ಕೋಪಕ್ಕೆ ಆ ಅಳುಕೂ ಇರುವುದಿಲ್ಲ. ಅದು ನ್ಯಾಯದ ವೇಷ ತೊಟ್ಟು ಬರುತ್ತದೆ. ತಾನೇ ಧರ್ಮವೆಂದು ನಂಬಿಸುತ್ತದೆ. ಈ ವೇಷವನ್ನು ಕಳಚಿ ತೋರಿಸುವ ಕೆಲಸವನ್ನು ದಕ್ಷಿಣ ಕೊರಿಯಾದ ಒಂದು ಚಲನಚಿತ್ರವು ಬಹಳ ನಿಷ್ಠುರವಾಗಿ ಮಾಡಿದೆ. ಕಿಮ್ ಜೀ-ವೂನ್ ನಿರ್ದೇಶಿಸಿದ, 2010ರಲ್ಲಿ ತೆರೆಕಂಡ ಆ ಚಿತ್ರವನ್ನು ಹೊರದೇಶಗಳು ‘ಐ ಸಾ ದ ಡೆವಿಲ್’ ಎಂಬ ಹೆಸರಿನಿಂದ ಬಲ್ಲವು.

ಇದು ಮನೆಮಂದಿಯೆಲ್ಲ ಕುಳಿತು ನೋಡುವಂಥ ಚಿತ್ರವಲ್ಲವೆಂಬುದನ್ನು ಮೊದಲೇ ಹೇಳಬೇಕು. ಅದರಲ್ಲಿನ ಕ್ರೌರ್ಯವನ್ನು ಕಂಡು ಕೊರಿಯಾದ ಶ್ರೇಣೀಕರಣ ಮಂಡಳಿಯು ಎರಡು ಸಲ ಅದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತ್ತು. ಕೆಲವು ದೃಶ್ಯಗಳನ್ನು ಕತ್ತರಿಸಿದ ಮೇಲೆಯೇ ಅದು ಚಿತ್ರಮಂದಿರವನ್ನು ತಲುಪಿತು. ಆದರೂ ಅದು ಎತ್ತುವ ಪ್ರಶ್ನೆಯನ್ನು ಚಿತ್ರ ನೋಡದವರೂ ಕೇಳಿಕೊಳ್ಳಬಹುದು, ಕೇಳಿಕೊಳ್ಳಲೇಬೇಕು.

ಕಥೆಯ ಎಳೆ ಸರಳ. ಗುಪ್ತಚರ ಇಲಾಖೆಯ ಅಧಿಕಾರಿ ಸೂ-ಹ್ಯುನ್ (ಲೀ ಬ್ಯುಂಗ್-ಹುನ್) ಮದುವೆಯಾಗಬೇಕಿದ್ದ ಹೆಣ್ಣು, ಹಿಮ ಸುರಿಯುವ ಒಂದು ರಾತ್ರಿ ಕ್ಯುಂಗ್-ಚುಲ್ (ಚೋಯ್ ಮಿನ್-ಸಿಕ್) ಎಂಬ ಕೊಲೆಗಡುಕನಿಗೆ ಬಲಿಯಾಗುತ್ತಾಳೆ. ಅವಳು ಪಟ್ಟ ನೋವನ್ನು ಅವನೂ ಪಡಬೇಕೆಂದು ಸೂ-ಹ್ಯುನ್ ಶಪಥ ಮಾಡುತ್ತಾನೆ. ಎರಡು ವಾರ ರಜೆ ಪಡೆದು ಹಂತಕನನ್ನು ಹುಡುಕಿ ಹಿಡಿಯುತ್ತಾನೆ. ಹಿಡಿದವನು ಅವನನ್ನು ಪೊಲೀಸರಿಗೂ ಒಪ್ಪಿಸುವುದಿಲ್ಲ, ಕೊಲ್ಲುವುದೂ ಇಲ್ಲ. ಚೆನ್ನಾಗಿ ಬಡಿದು, ಇರುವಲ್ಲಿಯ ಸುಳಿವು ಕೊಡುವ ಒಂದು ಯಂತ್ರದ ಗುಳಿಗೆಯನ್ನು ನುಂಗಿಸಿ, ಪಕ್ಕದಲ್ಲಿ ಹಣವನ್ನೂ ಇಟ್ಟು ಬಿಟ್ಟುಬಿಡುತ್ತಾನೆ. ಮತ್ತೆ ಹಿಡಿಯುತ್ತಾನೆ, ಮತ್ತೆ ಬಿಡುತ್ತಾನೆ.

ಇಲ್ಲಿಯೇ ಸೇಡಿನ ಗುಟ್ಟು ಬಯಲಾಗುತ್ತದೆ. ವೈರಿಯು ನೋಯಬೇಕಾದರೆ ವೈರಿಯು ಬದುಕಿರಬೇಕು. ಬದುಕಿರಬೇಕಾದರೆ ಅವನನ್ನು ಕಾಯುವವನೊಬ್ಬ ಬೇಕು. ಕಾಲಾಂತರದಲ್ಲಿ ಸೇಡಿನವನೇ ತನ್ನ ವೈರಿಯ ಕಾವಲುಗಾರನಾಗುತ್ತಾನೆ. ಆ ಕಾವಲಿಗೆ ಬೆಲೆ ತೆರುವವರು ಬೇರೆಯವರು. ಬಿಟ್ಟ ಹಂತಕನ ಕೈಗೆ ಚಿಕ್ಕ ಆಸ್ಪತ್ರೆಯೊಂದರ ದಾದಿ ಸಿಕ್ಕುತ್ತಾಳೆ. ಗುಳಿಗೆಯ ಮರ್ಮ ತಿಳಿದ ಮೇಲೆ ಅವನು ಅದನ್ನು ದೇಹದಿಂದ ಹೊರಹಾಕಿ, ನೇರವಾಗಿ ಸೂ-ಹ್ಯುನ್‌ನ ಮಾವನಾಗಬೇಕಿದ್ದ ವೃದ್ಧನ ಮನೆಗೆ ನುಗ್ಗುತ್ತಾನೆ. ಸತ್ತವಳ ತಂಗಿ ಸೆ-ಯೊನ್ ಪ್ರಾಣ ಕಳೆದುಕೊಳ್ಳುತ್ತಾಳೆ. ಇದನ್ನು ಇಲ್ಲಿಗೇ ನಿಲ್ಲಿಸು ಎಂದು ಬೇಡಿಕೊಂಡಿದ್ದವಳು ಅವಳೇ.

ಕೋಪವು ಮೊದಲು ಕೋಪಿಸಿಕೊಂಡವನನ್ನೇ ಸುಡುತ್ತದೆಂಬ ತಿಳಿವು ಶರಣರ ನುಡಿಗಳನ್ನು ಕೇಳುತ್ತ ಬೆಳೆದವರಿಗೆ ಹೊಸದಲ್ಲ. ಆದರೆ ನೊಂದವನು ಇದಕ್ಕೆ ಒಂದು ಉತ್ತರವನ್ನು ಇಟ್ಟುಕೊಂಡಿರುತ್ತಾನೆ: ‘ಸುಟ್ಟರೆ ಸುಡಲಿ, ನಾನು ಸಿದ್ಧ.’ ಆ ಉತ್ತರವು ಸಾಲದೆಂಬುದನ್ನು ಈ ಕಥೆಯು ಕಾಣಿಸುತ್ತದೆ. ತಾನು ಸುಟ್ಟುಹೋಗಲು ಒಪ್ಪಿದವನು, ಒಪ್ಪಿಗೆ ಕೊಡದ ಎಷ್ಟೋ ಮಂದಿಯನ್ನು ಆ ಉರಿಯೊಳಗೆ ಎಳೆದುಕೊಂಡಿರುತ್ತಾನೆ.

ಹಾಗಾದರೆ ದುಷ್ಟನನ್ನು ಸುಮ್ಮನೆ ಬಿಡಬೇಕೇ ಎಂದು ಯಾರಾದರೂ ಕೇಳಬಹುದು. ಬಿಡಬಾರದು. ಆದರೆ ಬಿಟ್ಟವನು ಯಾರು? ಮೊದಲ ಸಲ ಕೈಗೆ ಸಿಕ್ಕಾಗಲೇ ಅವನನ್ನು ಕಾನೂನಿಗೆ ಒಪ್ಪಿಸಿದ್ದರೆ ಮುಂದಿನವರು ಉಳಿಯುತ್ತಿದ್ದರು. ಕೊನೆಗೊಮ್ಮೆ ಹಂತಕನೇ ಶರಣಾಗಲು ಬಂದಾಗ, ಪೊಲೀಸರ ಕಣ್ಣೆದುರಿಗೇ ಸೂ-ಹ್ಯುನ್ ಅವನನ್ನು ಕಸಿದುಕೊಂಡು ಹೋಗುತ್ತಾನೆ. ಶಿಕ್ಷೆಯು ಮುಂದೆ ನೋಯಬಹುದಾದವರನ್ನು ನೆನೆಯುತ್ತದೆ. ಸೇಡು ಹಿಂದೆ ನೊಂದವರ ಹೆಸರು ಹೇಳುತ್ತದೆ, ಮುಂದಿರುವವರನ್ನು ಮರೆಯುತ್ತದೆ. ಎರಡಕ್ಕೂ ಇರುವ ಅಂತರ ಇದೇ.

ಚಿತ್ರದ ಕೊರಿಯನ್ ಹೆಸರಿನಲ್ಲಿಯೂ ಚಿಂತನೆಗೆ ಅರ್ಹವಾದ ಒಂದು ಸೊಗಸಿದೆ. ಕನ್ನಡದ ಕ್ರಿಯಾಪದವು ‘ಕಂಡೆ’, ‘ಕಂಡನು’ ಎಂದು ಕರ್ತೃವನ್ನು ತನ್ನೊಳಗೇ ಹೇಳಿಬಿಡುತ್ತದೆ. ಕೊರಿಯನ್ ಕ್ರಿಯಾಪದಕ್ಕೆ ಆ ಕಟ್ಟಿಲ್ಲ. ಮೂಲ ಹೆಸರಿನಲ್ಲಿ ‘ನಾನು’ ಎಂಬ ಮಾತೇ ಇಲ್ಲ. ಪಿಶಾಚಿಯನ್ನು ಕಂಡದ್ದಾಯಿತು ಎಂದಷ್ಟೇ ಇದೆ. ಯಾರು ಕಂಡರು, ಯಾರಲ್ಲಿ ಕಂಡರು ಎಂಬುದನ್ನು ನೋಡುಗನೇ ತುಂಬಿಕೊಳ್ಳಬೇಕು. ಅಲ್ಲಿ ಪಿಶಾಚಿಗೆ ಬಳಸಿದ ‘ಅಕ್ಮಾ’ ಎಂಬ ಪದದ ಎರಡನೆಯ ಅಕ್ಷರವು ಚೀನಾದ ಮೂಲಕ ಹೋದ ನಮ್ಮ ‘ಮಾರ’ ಶಬ್ದವೇ ಆಗಿದೆ. ಬೋಧಿವೃಕ್ಷದ ಕೆಳಗೆ ಕುಳಿತ ಸಿದ್ಧಾರ್ಥನನ್ನು ಕದಲಿಸಲು ಬಂದವನು ಆ ಮಾರ. ಮನಸ್ಸು ಬಯಸುವ ರೂಪವನ್ನೇ ತಾಳಿ ಬರುವುದು ಅವನ ರೀತಿ. ಸೂ-ಹ್ಯುನ್‌ನ ಬಳಿಗೆ ಅವನು ಪ್ರೀತಿಯ ಋಣವೆಂಬ ರೂಪದಲ್ಲಿ ಬಂದನು.

ಕೊನೆಯಲ್ಲಿ ಹಂತಕನು ತನಗೆ ನೋವೂ ಗೊತ್ತಿಲ್ಲ, ಭಯವೂ ಗೊತ್ತಿಲ್ಲ, ನೀನಾಗಲೇ ಸೋತಿದ್ದೀ ಎನ್ನುತ್ತಾನೆ. ಅವನ ಮರಣಕ್ಕೆ ಸೂ-ಹ್ಯುನ್ ಹೂಡಿದ ಉಪಾಯ ಅತಿ ಘೋರವಾದುದು: ಏನೂ ಅರಿಯದ ಮುದಿ ತಾಯಿತಂದೆಯರೂ ಮಗನೂ ಬಂದು ಬಾಗಿಲು ತೆರೆದೊಡನೆ ಅವನ ತಲೆ ಉರುಳುತ್ತದೆ. ತಪ್ಪು ಮಾಡದ ಮೂವರ ಕೈಗೆ ಆ ಕೊಲೆ ಅಂಟಿಕೊಳ್ಳುತ್ತದೆ. ಗೆದ್ದವನು ದಾರಿಯಲ್ಲಿ ಒಬ್ಬನೇ ಅಳುತ್ತ ನಡೆಯುತ್ತಾನೆ. ಸತ್ತವಳು ಹಿಂದಿರುಗಿಲ್ಲ, ಅವಳ ತಂಗಿಯೂ ಇಲ್ಲ.

ಕೊಲೆಯವರೆಗೆ ಹೋಗದ ಸೇಡುಗಳು ನಮ್ಮ ನಮ್ಮ ಮನೆಗಳಲ್ಲಿಯೂ ಇವೆ. ಆಸ್ತಿಯ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಮದುವೆಯ ಅವಮಾನವನ್ನು ಇಪ್ಪತ್ತು ವರ್ಷ ಕಾದಿಟ್ಟುಕೊಂಡ ಬೀಗರು ಯಾವ ಊರಿನಲ್ಲಿಲ್ಲ? ಅಲ್ಲಿಯೂ ಹಟ ಹಿರಿಯರದು. ಚಿಕ್ಕಪ್ಪನ ಮನೆಯ ಹೊಸ್ತಿಲನ್ನೇ ಕಾಣದೆ ಬೆಳೆಯುವವರು ಮಕ್ಕಳು. ಸದ್ಭಕ್ತರು ತಮ್ಮ ಕೋಪದ ಲೆಕ್ಕವನ್ನು ಬರೆಯುವಾಗ ಆ ಮಕ್ಕಳ ಹೆಸರನ್ನೂ ಬರೆದು ನೋಡಲಿ.