ಮಗು ಹೇಗಿದೆ ಅಂದಿರಿ, ಬಾಣಂತಿ ಹೇಗಿದ್ದಾಳೆ?

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಊರಿಗಾಂ, ಕೋರಮಂಡಲ್, ಮಾರಿಕುಪ್ಪಂ, ಬಂಗಾರಪೇಟೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೆರಿಗೆಯಾಯಿತು ಎಂಬ ಸುದ್ದಿ ಬಂದ ಕೂಡಲೇ ಮನೆಮಂದಿಯೆಲ್ಲ ತೊಟ್ಟಿಲಿನ ಕಡೆ ತಿರುಗುತ್ತಾರೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹಾಗಿದೆ? ಹೆತ್ತವಳ ಪಾಡು ಕೇಳುವವರು ಕಡಿಮೆ. ಆದರೆ ಬಸಿರು-ಬಾಣಂತನದಲ್ಲಿ ಪ್ರಾಣ ಕಳೆದುಕೊಳ್ಳುವ ಹೆಂಗಸರಲ್ಲಿ ಹೆಚ್ಚಿನವರು ಸಾಯುವುದು ಮಗು ಹುಟ್ಟಿದ ಮೇಲೆ. ಮೊದಲ ದಿನ ಅಪಾಯ ಎಲ್ಲಕ್ಕಿಂತ ಹೆಚ್ಚು. 42 ದಿನ ತುಂಬುವ ತನಕ ಅದು ಪೂರ್ತಿ ಹೋಗುವುದಿಲ್ಲ.

2018–20ರ ಸರ್ಕಾರಿ ಲೆಕ್ಕ ನೋಡಿ. ಒಂದು ಲಕ್ಷ ಹೆರಿಗೆಗೆ ಕೇರಳದಲ್ಲಿ 19 ತಾಯಂದಿರ ಸಾವು, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಕುಪ್ಪಂ, ಕೃಷ್ಣಗಿರಿ ಕಡೆ ಹೆಣ್ಣು ಕೊಟ್ಟು ತಂದ ಊರು ನಮ್ಮದು. ಗಡಿಯ ಆಚೆ ಉಳಿಯುವ ಜೀವ ಈಚೆ ಯಾಕೆ ಹೋಗಬೇಕು?

ಕೆ.ಜಿ.ಎಫ್.ನ ಚಿನ್ನದ ಗಣಿ ನಡೆಯುತ್ತಿದ್ದಾಗ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಆಸ್ಪತ್ರೆ ಇತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಆ ಆಸರೆಯೂ ಹೋಯಿತು. ಈಗ ದುಡಿಯುವ ಕೈಗಳೆಲ್ಲ ಬೆಳಗಿನ ಜಾವವೇ ಬೆಂಗಳೂರಿನ ರೈಲು ಹತ್ತುತ್ತವೆ, ಮರಳಿ ಬರುವುದು ಕತ್ತಲಾದ ಮೇಲೆ. ಲೈನು ಮನೆಯಲ್ಲಿ ಬಾಣಂತಿ, ಕೂಸು, ಹೆಚ್ಚೆಂದರೆ ಕಣ್ಣು ಮಂಜಾದ ಒಬ್ಬ ಅಜ್ಜಿ. ಬೆಳಗ್ಗೆ ಹತ್ತಕ್ಕೆ ರಕ್ತ ಹೋಗಲು ಶುರುವಾದರೆ ರಾತ್ರಿ ಎಂಟಕ್ಕೆ ಗಂಡ ಬರಲಿ ಎಂದು ಕಾಯಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಇರುವುದು ಪಕ್ಕದ ಮನೆಯ ನೀವು. ಈ ಕರಪತ್ರ ನಿಮಗಾಗಿ.

ನಿಮ್ಮ ಸಾಲಿನಲ್ಲಿ ಬಾಣಂತಿ ಇದ್ದರೆ ಹಗಲು ಎರಡು ಸಲವಾದರೂ ಹೋಗಿ ಕೂತು ಬನ್ನಿ. ಕೂಸನ್ನು ಎತ್ತಿಕೊಳ್ಳುವ ಮೊದಲು ಅವಳನ್ನು ಮಾತಾಡಿಸಿ. ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ಯುತ್ತಿದೆಯೇ? ಜ್ವರ, ಚಳಿ, ಕೆಟ್ಟ ವಾಸನೆಯ ಸ್ರಾವ ಇದೆಯೇ? ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಅನ್ನುತ್ತಾಳೆಯೇ? ಮುಖ ಊದಿದೆಯೇ, ಒಂದೇ ಕಾಲು ಬಾತು ನೋಯುತ್ತಿದೆಯೇ, ಉಸಿರು ಹತ್ತುತ್ತಿದೆಯೇ, ಸಿಸೇರಿಯನ್ ಹೊಲಿಗೆ ಕೀವಾಗಿದೆಯೇ? ಇದರಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನ್ ಮಾಡಿ. ಬಸಿರಿನಲ್ಲಿ ಬಿ.ಪಿ. ಸರಿಯಾಗಿದ್ದವಳಿಗೂ ಹೆರಿಗೆಯಾದ ಮೇಲೆ ಏರಿ ಫಿಟ್ಸ್ ಬರಬಹುದು. ಜ್ವರ ಏರಿ ಬಡಬಡಿಸಿದರೆ ಸನ್ನಿ ಹಿಡಿಯಿತು ಎಂದು ತಾಯಿತ ಕಟ್ಟಿಸಲು ಓಡಬೇಡಿ. ನಂಜು ರಕ್ತಕ್ಕೆ ಏರಿದಾಗ ಹೀಗಾಗುತ್ತದೆ. ಆಗ ಕಳೆಯುವ ಒಂದೊಂದು ಗಂಟೆಯೂ ಅವಳ ಆಯಸ್ಸು.

ಅಜ್ಜಿಯಂದಿರಿಗೆ ಕೈಮುಗಿದು ಒಂದು ಮಾತು. ನೀವು ಮಾಡುವ ಎಣ್ಣೆನೀರು, ಕೊಡಿಸುವ ವಿಶ್ರಾಂತಿ, ಬೆಚ್ಚಗಿಡುವ ಕಾಳಜಿ ಇವೆಲ್ಲ ಬೇಕು. ಆದರೆ ಮೈ ಊದುತ್ತದೆ ಎಂದು ನೀರು ತಪ್ಪಿಸಬೇಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಬರೀ ಅನ್ನ-ಮೆಣಸಿನ ಸಾರಿನ ಪಥ್ಯದಲ್ಲಿ ಹೋದ ರಕ್ತ ಮರಳಿ ಬರುವುದಿಲ್ಲ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ, ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಮಾಂಸ, ಎಲ್ಲವನ್ನೂ ಕೊಡಿ. ಕಬ್ಬಿಣಾಂಶದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ನುಂಗಬೇಕು, ಟೀ ಜೊತೆ ಬೇಡ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ.

ಸುಮ್ಮನೆ ಅಳುತ್ತಾಳೆ, ಕೂಸು ಮಲಗಿದರೂ ಕಣ್ಣು ಮುಚ್ಚುವುದಿಲ್ಲ, ಮಗುವನ್ನು ಕಂಡರೆ ಬೇಡವಾಗಿದೆ ಅನ್ನುತ್ತಾಳೆ ಎಂದು ಬೈಯಬೇಡಿ. ಎರಡು ವಾರವಾದರೂ ಕಡಿಮೆಯಾಗದಿದ್ದರೆ ಅದು ಕಾಯಿಲೆ, ಅದಕ್ಕೂ ಔಷಧಿ ಇದೆ. ಸಾಯಬೇಕು ಅನ್ನಿಸುತ್ತಿದೆ ಎಂದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ.

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಆದದ್ದನ್ನು ನಾವು ಮರೆಯಬಾರದು. ತಮಿಳು ಮಾತಾಡುವ ಬಡ ಗರ್ಭಿಣಿ ನೋವು ತಿನ್ನುತ್ತಾ ಜಿಲ್ಲಾಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತಳು, ಮೂರೂ ಜೀವ ಹೋದವು. ಆಮೇಲೆ ಅಮಾನತು, ತನಿಖೆ. ತುರ್ತಿನಲ್ಲಿ ದಾಖಲೆ ಕೇಳಬಾರದು ಎಂದು ಸರ್ಕಾರವೇ ಹೇಳಬೇಕಾಯಿತು. ಕೆ.ಜಿ.ಎಫ್.ನಲ್ಲಿ ಎಷ್ಟು ಹೆಣ್ಣುಮಕ್ಕಳು ಬೇರೆ ರಾಜ್ಯದ ಕಾರ್ಡ್ ಹಿಡಿದು ತವರಿಗೆ ಹೆರಿಗೆಗೆ ಬರುತ್ತಾರೆ ಯೋಚಿಸಿ. ಬಂದ ವಾರದಲ್ಲೇ ಆಶಾ ಅಕ್ಕನಿಗೆ ತಿಳಿಸಿ, ಹೆಸರು ಬರೆಸಿ. ಕಾರ್ಡ್ ಇಲ್ಲವೆಂದು ಯಾರಾದರೂ ವಾಪಸು ಕಳಿಸಿದರೆ ಹೊರಡಬೇಡಿ; ನಾಲ್ಕು ಜನ ಜೊತೆಗೆ ನಿಂತು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ 2011ರಿಂದ ಉಚಿತ. ಯಾರಿಗೂ ಕೈಬಿಸಿ ಮಾಡಬೇಕಾಗಿಲ್ಲ.

ಹೆರಿಗೆಯಾಗಿ 3, 7, 14, 21, 28, 42ನೇ ದಿನ ಆಶಾ ಅಕ್ಕ ಮನೆಗೆ ಬರಬೇಕು. ಬಂದರೆ ಕೂರಿಸಿ ನೀರು ಕೊಡಿ, ಅವರ ದುಡಿಮೆ ದೊಡ್ಡದು. ಬಾರದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಗಾರ್ಮೆಂಟ್ಸ್‌ಗೆ ಹೋಗುವ ತಂಗಿಯರೇ, ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ 2017ರಿಂದ ಕಾನೂನಿನಲ್ಲಿದೆ. ತಿಂಗಳು ತುಂಬುವ ಮೊದಲೇ ರೈಲು ಹತ್ತಬೇಡಿ.

ಕೊನೆಗೆ ಊರಿನ ಹಿರಿಯರಿಗೆ, ನಗರಸಭೆ, ಪುರಸಭೆ, ಪಂಚಾಯಿತಿ ಸದಸ್ಯರಿಗೆ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತು ಹೆರಿಗೆ ಡಾಕ್ಟರ್, ಅರಿವಳಿಕೆ ಡಾಕ್ಟರ್ ಇರುತ್ತಾರೆಯೇ, ರಕ್ತ ಸಿಗುತ್ತದೆಯೇ ಎಂದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲಿ ಆಗದ್ದಕ್ಕೆ ಕೋಲಾರಕ್ಕೆ ಹೋಗಬೇಕು; ರಕ್ತ ಹೋಗುತ್ತಿರುವವಳಿಗೆ ಅಷ್ಟು ದಾರಿಯೇ ದೂರ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನಾಡು ಕೇಳಿತು, ಹಾಗಾಗಿ ಏರಿಸಿದ್ದ ಐ.ವಿ. ದ್ರಾವಣದ ತಪಾಸಣೆಯೂ ಆಯಿತು. ನಮ್ಮ ಬೀದಿಯ ಒಬ್ಬಳು ಹೋದರೂ ಕಾರಣ ಕೇಳೋಣ. ತಾಯಿಯ ಪ್ರತಿ ಸಾವಿನ ವಿಚಾರಣೆ ಆಗಲೇಬೇಕೆಂಬ ನಿಯಮವಿದೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ತಪಾಸಣೆ ಉಚಿತ. ನಿಮ್ಮ ಸಾಲಿನವರನ್ನು ಕರೆದುಕೊಂಡು ಬನ್ನಿ. ಓದಿದ ಮೇಲೆ ಈ ಹಾಳೆಯನ್ನು ಎಸೆಯಬೇಡಿ. ಕನ್ನಡ ಓದಲು ಬಾರದ ಮನೆಯಲ್ಲಿ ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿ, 108 ಮತ್ತು 14416 ಎರಡನ್ನೂ ಬಾಣಂತಿ ಮಲಗುವ ಕಡೆ ಗೋಡೆಯ ಮೇಲೆ ಬರೆದು ಬನ್ನಿ.